ಗೋದಾವರಿ ದಡದ ಸ್ಥಳೀಯ ವಸ್ತುಸಂಗ್ರಹಾಲಯಗಳು: ಪ್ರದರ್ಶನದ ಹೊಣೆ

ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ‘ಕವಿರಾಜಮಾರ್ಗ’ವು ಗುರುತಿಸಿರುವುದು ಕನ್ನಡ ಸಾಹಿತ್ಯದ ಅಭ್ಯಾಸಿಗಳೆಲ್ಲರಿಗೂ ಪರಿಚಿತವಾದ ಸಂಗತಿ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದ ಶ್ರೀವಿಜಯನು ಸೂಚಿಸಿದ ಈ ಉತ್ತರದ ಎಲ್ಲೆಯಲ್ಲಿಯೇ ಸಾತವಾಹನರ ಪ್ರತಿಷ್ಠಾನ, ಅಂದರೆ ಇಂದಿನ ಪೈಠಣ, ಇದೆ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಮರುನಾಮಕರಣಗೊಂಡ ಔರಂಗಾಬಾದಿನಿಂದ ಪೈಠಣಕ್ಕೆ ಸುಮಾರು 50 ಕಿಲೋಮೀಟರ್. ಆ ಹಾದಿಯ ನಡುವಿನ ಊರು ಬಿಡಕಿನ್. ಈ ಪ್ರದೇಶದ ಪ್ರಾಚೀನ ವಸ್ತುಗಳನ್ನು ಜನರ ಮುಂದಿಡುವ ಬಗೆ ಹೇಗಿರಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ನಾಣ್ಯದ ನಿದರ್ಶನವನ್ನು ಪರಿಶೀಲಿಸಬಹುದು. ಸಾತವಾಹನ ಅರಸರು ಹೊರಡಿಸಿದ, ರಾಜನ ಮುಖಚಿತ್ರವುಳ್ಳ ಬೆಳ್ಳಿಯ ನಾಣ್ಯಗಳು ದ್ವಿಭಾಷಿಕವಾದವು. ಒಂದು ಬದಿಯ ಬರಹ ಪ್ರಾಕೃತದಲ್ಲಿದ್ದರೆ ಮತ್ತೊಂದು ಬದಿಯದು ದ್ರಾವಿಡ ಭಾಷೆಯೊಂದರಲ್ಲಿದೆ. ಇಂತಹ ನಾಣ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಖಚಿತ್ರ ಮೇಲಾಗಿ ಇಟ್ಟು, ‘ಸಾತವಾಹನರ ಬೆಳ್ಳಿಯ ನಾಣ್ಯ’ ಎಂದಷ್ಟೇ ಚೀಟಿ ಅಂಟಿಸಿದರೆ, ಎರಡು ಭಾಷೆಗಳ ಚರಿತ್ರೆಯಲ್ಲಿ ಒಂದು ಮರೆಯಾಗುತ್ತದೆ. ಕೆಳಗೊಂದು ಕನ್ನಡಿಯನ್ನು ಇರಿಸಿದರೆ, ಇಲ್ಲವೇ ಹಿಂಬದಿಯ ದೊಡ್ಡ ಛಾಯಾಚಿತ್ರವನ್ನು ಪಕ್ಕದಲ್ಲಿ ತೂಗುಹಾಕಿದರೆ ಈ ಕೊರತೆ ನೀಗುತ್ತದೆ. ಆದರೆ ಆ ದ್ರಾವಿಡ ಬರಹವನ್ನು ತಮಿಳೆಂದೂ ತೆಲುಗೆಂದೂ ಓದಿದ ವಿದ್ವಾಂಸರಿದ್ದಾರೆ. ಅದನ್ನು ಕನ್ನಡವೆಂದು ಸಾರಿಬಿಡುವುದು ಸರಿಯಲ್ಲ. ವಿವರಣಾ ಫಲಕಕ್ಕೆ ಆಧಾರ ಮುಖ್ಯ, ಅಭಿಮಾನವಲ್ಲ.

ಕನ್ನಡದ ಸಂಬಂಧವನ್ನು ತೋರಿಸಲು ಬೇರೆ ಆಧಾರಗಳು ಸಾಕಷ್ಟಿವೆ. ಹಾಲನ ಹೆಸರಿನಲ್ಲಿರುವ ಪ್ರಾಕೃತ ‘ಗಾಥಾಸಪ್ತಶತಿ’ಯಲ್ಲಿ ‘ತುಪ್ಪ’ದಂತಹ ದೇಶ್ಯ ಪದಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಕಲಬುರಗಿ ಜಿಲ್ಲೆಯ ಸನ್ನತಿಯ ಸಮೀಪ, ಭೀಮಾ ತೀರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹಾಗೂ ಸಾತವಾಹನ ಅರಸರ ಶಿಲ್ಪಗಳು ಬ್ರಾಹ್ಮೀ ಲಿಪಿಯ ಹೆಸರುಗಳೊಡನೆ ದೊರೆತಿವೆ. ಪ್ರತಿಷ್ಠಾನದಿಂದ ಆಳಿದ ಅರಸರ ಶಿಲ್ಪರೂಪವನ್ನು ಹೆಸರಿನೊಡನೆ ಕಾಣಬೇಕಾದರೆ ಭೀಮಾ ತೀರಕ್ಕೆ ಬರಬೇಕಾಗಿರುವುದು ಗಮನಾರ್ಹ. ಎಲ್ಲೋರದ ಹದಿನೈದನೆಯ ಗುಹೆಯಲ್ಲಿ ದಂತಿದುರ್ಗನ ಶಾಸನವಿದೆ. ಕೈಲಾಸ ದೇಗುಲ ಒಂದನೆಯ ಕೃಷ್ಣನ ಕಾಲದ್ದು. ದೇವಗಿರಿಯ ಸೇವುಣರ ಶಾಸನಗಳಲ್ಲಿ ಹೆಚ್ಚಿನವು ಕನ್ನಡದಲ್ಲಿವೆ. ಶ್ರೀನಿವಾಸ ರಿತ್ತಿಯವರು ಆ ವಂಶವನ್ನು ಕುರಿತು ರಚಿಸಿದ ಗ್ರಂಥ 1973ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಈ ಶಾಸನಗಳ ಪಡಿಯಚ್ಚು, ನಕ್ಷೆ ಮತ್ತು ಮರಾಠಿ–ಕನ್ನಡ ಫಲಕಗಳಿಂದಲೇ ಒಂದು ಸಂಚಾರಿ ಪ್ರದರ್ಶನವನ್ನು ಸಿದ್ಧಪಡಿಸಬಹುದು. ಮೂಲವಸ್ತುಗಳನ್ನು ಕದಲಿಸುವ ಅಗತ್ಯವಿಲ್ಲ.

ಸ್ಥಳೀಯ ವಸ್ತುಸಂಗ್ರಹಾಲಯಗಳಿಗೆ ಮತ್ತೊಂದು ವಿಶೇಷವಿದೆ. ಪೈಠಣದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಾಳಾಸಾಹೇಬ ಪಾಟೀಲರ ಹೆಸರಿದೆ. ಧಾರಾಶಿವ ಜಿಲ್ಲೆಯ ತೇರ್‌ನ ಸಂಗ್ರಹಾಲಯಕ್ಕೆ ರಾಮಲಿಂಗಪ್ಪ ಲಾಮತೂರೆಯವರ ಹೆಸರಿದೆ. ಇಬ್ಬರೂ ತಮ್ಮ ಊರಿನ ಮಣ್ಣಿನಲ್ಲಿ ದೊರೆತುದನ್ನು ಕೂಡಿಟ್ಟವರು. ತೇರ್‌ನ ದಂತದ ಸ್ತ್ರೀಮೂರ್ತಿಯನ್ನು ಇಟಲಿಯ ಪಾಂಪೇಯಿಯಲ್ಲಿ 1938ರಲ್ಲಿ ದೊರೆತ ದಂತಮೂರ್ತಿಯೊಡನೆ ವಿದ್ವಾಂಸರು ಹೋಲಿಸಿದ್ದಾರೆ. ಸ್ಥಳೀಯ ಸಂಗ್ರಾಹಕರ ಆಸಕ್ತಿ ಇಲ್ಲದಿದ್ದರೆ ಇಂತಹ ಸಂಗ್ರಹಗಳು ನಮಗೆ ಉಳಿಯುತ್ತಿರಲಿಲ್ಲ. ಆದುದರಿಂದ ಸ್ಥಳೀಯ ಜನರನ್ನು ಕೇವಲ ಪ್ರೇಕ್ಷಕರೆಂದು ಭಾವಿಸದೆ ಸಹಭಾಗಿಗಳೆಂದು ಪರಿಗಣಿಸುವುದು ಅವಶ್ಯಕ.

ಈ ಮಾತಿಗೆ ಬಿಡಕಿನ್‌ನಲ್ಲಿ ಇಂದು ಹೆಚ್ಚಿನ ಮಹತ್ವ ಬಂದಿದೆ. ದೆಹಲಿ–ಮುಂಬಯಿ ಕೈಗಾರಿಕಾ ಕಾರಿಡಾರಿನ ಶೇಂದ್ರಾ–ಬಿಡಕಿನ್ ಯೋಜನೆಗಾಗಿ ಸಾವಿರಾರು ಎಕರೆ ಭೂಮಿ ಸ್ವಾಧೀನಗೊಂಡಿದೆ. ನೇಗಿಲು ಒಂದು ಗೇಣಿನಷ್ಟು ಮಣ್ಣನ್ನು ತಿರುವಿದರೆ ಯಂತ್ರವು ಇಡೀ ಪದರವನ್ನೇ ಎತ್ತಿ ಸಾಗಿಸುತ್ತದೆ. ಮಣಿ, ಮಡಕೆಯ ಚೂರು, ಇಟ್ಟಿಗೆ ಯಾವ ಪದರದಲ್ಲಿತ್ತೆಂಬುದು ತಿಳಿಯದಾದರೆ ವಸ್ತು ಉಳಿದರೂ ಅದರ ಸಾಕ್ಷ್ಯ ಅಳಿಯುತ್ತದೆ. ಭೂಮಿಯಲ್ಲಿ ಹುದುಗಿದ, 10 ರೂಪಾಯಿಗೆ ಮೀರಿದ ನಿಧಿ ದೊರೆತರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸುತ್ತದೆ. ಸರ್ಕಾರವು ಅದನ್ನು ಪಡೆಯುವಾಗ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಹೆಚ್ಚಾಗಿ ಕೊಡುವ ಅವಕಾಶವೂ ಅದರಲ್ಲಿದೆ. ಇದು ತಿಳಿಯದ ರೈತನೋ ಕೂಲಿಕಾರನೋ ಭಯದಿಂದ ವಸ್ತುವನ್ನು ಮುಚ್ಚಿಡುವ ಸಂಭವವುಂಟು, ಅಕ್ಕಸಾಲಿಗನಿಗೆ ಮಾರುವ ಸಂಭವವೂ ಉಂಟು.

ಇಲ್ಲಿಯೇ ಸಾರ್ವಜನಿಕ ಕಾರ್ಯಕ್ರಮದ ನಿಜವಾದ ಪ್ರಯೋಜನ ಕಾಣುತ್ತದೆ. 1977ರಿಂದ ಮೇ 18ರಂದು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನವನ್ನು ಆಚರಿಸಲಾಗುತ್ತಿದೆ. ಆದರೆ ಪೈಠಣದಲ್ಲಿ ಜನ ಸೇರುವುದು ಸಂತ ಏಕನಾಥರ ಪುಣ್ಯತಿಥಿಯಾದ ಫಾಲ್ಗುಣ ಬಹುಳ ಷಷ್ಠಿಯ ಜಾತ್ರೆಗೆ. ಅಂದು ಜಾತ್ರೆಯ ಬದಿಯಲ್ಲಿಯೇ ಸಂಚಾರಿ ಪ್ರದರ್ಶನವನ್ನು ತೆರೆದು, ಊರವರು ತಂದು ತೋರಿಸುವ ವಸ್ತುವನ್ನು ಗುರುತಿಸಿ, ದೊರೆತ ಸ್ಥಳವನ್ನೂ ಆಳವನ್ನೂ ದಾಖಲಿಸಿ, ಕಾಯಿದೆಯನ್ನು ಸರಳವಾಗಿ ವಿವರಿಸುವ ವ್ಯವಸ್ಥೆಯಾದರೆ ಅದು ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಫಲಕಾರಿ. ಶಾಲಾಮಕ್ಕಳಿಗೆ ಶಾಸನದ ಅಚ್ಚು ತೆಗೆಯುವ ಕ್ರಮವನ್ನು ಪ್ರತಿಕೃತಿಯ ಮೇಲೆ ಕಲಿಸುವುದೂ ಇದರೊಡನೆ ಸೇರಬಹುದು.

ಒಟ್ಟಿನಲ್ಲಿ, ಗೋದಾವರಿ ತೀರದ ಚರಿತ್ರೆ ಮರಾಠಿಗರದೋ ಕನ್ನಡಿಗರದೋ ಎಂಬ ವಾದಕ್ಕೆ ವಸ್ತುಸಂಗ್ರಹಾಲಯವು ವೇದಿಕೆಯಾಗಬೇಕಾಗಿಲ್ಲ. ನಾಣ್ಯದ ಎರಡೂ ಮುಖಗಳನ್ನು ತೋರಿಸುವುದು, ಅದನ್ನು ನೆಲದಿಂದ ಎತ್ತಿದವನ ಮಾತನ್ನು ಬರೆದಿಟ್ಟುಕೊಳ್ಳುವುದು: ಇವೆರಡನ್ನು ನಿಷ್ಠೆಯಿಂದ ನಡೆಸಿದರೆ ಮುಂದಿನ ಸಂಶೋಧಕನಿಗೆ ಬೇಕಾದ ಆಧಾರ ಉಳಿಯುತ್ತದೆ.