ಈಜುವ ಹುಡುಗಿಯರಿಗೆ ಅಂಗಸಾಧನೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಸೊಂಟಕ್ಕೆ ಒಣ ಸೋರೆಬುರುಡೆಯನ್ನು ಕಟ್ಟಿಕೊಂಡು ಊರ ಕೆರೆಯಲ್ಲಿ ಈಜು ಕಲಿತವರಾಗಿದ್ದಾರೆ. ಅವರ ತೋಳುಗಳಿಗೆ ಬೇರೆ ಅಂಗಸಾಧನೆಯು ಬೇಕಾಗಿರಲಿಲ್ಲ. ಬಾವಿಯಿಂದ ನೀರು ಸೇದುವದೂ ತೋಟಕ್ಕೆ ಸೊಪ್ಪಿನ ಹೊರೆ ಹೊರುವದೂ ಆ ಕೆಲಸವನ್ನು ಮಾಡುತ್ತಿದ್ದವು. ಈಗ ಹೆಗ್ಗೋಡಿನ ಸುತ್ತಲ ಮನೆಗಳಿಗೂ ಪಂಪುಗಳು ಬಂದಿವೆ. ಆದುದರಿಂದ ಪಂದ್ಯಗಳಲ್ಲಿ ಈಜಬಯಸುವ ಹುಡುಗಿಯು ದೇಹಬಲವನ್ನು ಪ್ರತ್ಯೇಕವಾಗಿ ಸಂಪಾದಿಸಬೇಕಾಗಿದೆ. ಈ ವಿಷಯವಾಗಿ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲು ಯತ್ನಿಸುತ್ತೇವೆ.

ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದದ್ದು. ಅದನ್ನು ಸೀಳಿ ಮುಂದೆ ಹೋಗಲು ತೋಳು, ಬೆನ್ನುಗಳ ಬಲವೂ, ಕಟ್ಟೆಯಿಂದ ಹಾರುವಾಗಲೂ ಗೋಡೆಯನ್ನು ಒದೆದು ತಿರುಗುವಾಗಲೂ ಕಾಲುಗಳ ಬಲವೂ, ದೇಹವನ್ನು ನೇರವಾಗಿ ಹಿಡಿಯಲು ನಡುವಿನ ಬಲವೂ ಬೇಕು. ಇನ್ನೊಂದು ಕಾರಣವೂ ಉಂಟು. ಈಜುವಾಗ ಮೈಭಾರವನ್ನು ನೀರೇ ಹೊರುವದರಿಂದ ಎಲುಬುಗಳಿಗೆ ತಕ್ಕ ಕೆಲಸವು ಸಿಕ್ಕುವದಿಲ್ಲ. ಅವು ಗಟ್ಟಿಯಾಗಲು ನೆಲದ ಮೇಲಿನ ವ್ಯಾಯಾಮವು ಅವಶ್ಯ.

"ಭಾರ ಎತ್ತಿದರೆ ಮಗಳು ಗಿಡ್ಡಾಗುವಳೋ? ಗಂಡಸಿನಂತೆ ಕಾಣುವಳೋ?" ಎಂದು ತಾಯಂದಿರು ಭಯಪಡುತ್ತಾರೆ. ಕ್ರಮವಾದ ಅಂಗಸಾಧನೆಯು ಎತ್ತರವನ್ನು ಕುಗ್ಗಿಸುವದೆಂಬುದಕ್ಕೆ ಆಧಾರವಿಲ್ಲ. ಬಲ್ಲವರ ಮೇಲ್ವಿಚಾರಣೆಯಲ್ಲಿ ಇದು ಮಕ್ಕಳಿಗೆ ಹಿತಕರವೆಂದು ಅಮೆರಿಕೆಯ ಮಕ್ಕಳ ವೈದ್ಯರ ಅಕಾಡೆಮಿಯು ೨೦೨೦ರಲ್ಲಿ ತಿಳಿಸಿರುತ್ತದೆ. ಎಳೆಯ ವಯಸ್ಸಿನಲ್ಲಿ ಬಲವು ಹೆಚ್ಚುವದು ಸ್ನಾಯುಗಳು ಉಬ್ಬುವದರಿಂದಲ್ಲ, ನರಗಳು ಅವುಗಳನ್ನು ಚೆನ್ನಾಗಿ ದುಡಿಸಲು ಕಲಿಯುವದರಿಂದ. ಅಪಾಯವಿರುವದು ಆತುರದಲ್ಲಿಯೂ ಏಕಾಂತದಲ್ಲಿಯೂ.

ಇದನ್ನು ನಾವು ನೋವಿನಿಂದ ಕಲಿತೆವು. ಕೆಲವು ವರ್ಷಗಳ ಹಿಂದೆ ನಮ್ಮ ಒಬ್ಬ ವಿದ್ಯಾರ್ಥಿನಿಯು ಪಂದ್ಯವು ಸಮೀಪಿಸಲು, ಮೊಬೈಲಿನಲ್ಲಿ ಕಂಡ ಕಸರತ್ತನ್ನು ಅನುಕರಿಸಿ, ಮರಳು ತುಂಬಿದ ಡಬ್ಬಿಗಳನ್ನು ದಿನಾಲೂ ತಲೆಯ ಮೇಲೆ ಎತ್ತತೊಡಗಿದಳು. ಹೆಗಲು ನೋಯುತ್ತಿದ್ದರೂ ತಂಡದಿಂದ ಬಿಟ್ಟಾರೆಂದು ಅಂಜಿ ಬಾಯಿ ಬಿಡಲಿಲ್ಲ. ಪಂದ್ಯದ ಬೆಳಿಗ್ಗೆ ಕೈಯೆತ್ತಿ ಜಡೆ ಹಾಕಿಕೊಳ್ಳಲೂ ಆಕೆಯಿಂದಾಗಲಿಲ್ಲ. ತಪ್ಪು ಅವಳದೆಂದು ಹೇಳಲಾರೆವು; ಬಲ ಬೇಕೆಂದು ಬೋಧಿಸಿದ ನಾವು ಅದನ್ನು ಗಳಿಸುವ ಕ್ರಮವನ್ನು ಕಲಿಸಿರಲಿಲ್ಲ. ಈಜುವವರಲ್ಲಿ ತೋಳನ್ನು ಮುಂದಿನಿಂದ ಕೆಳಗೆಳೆಯುವ ಸ್ನಾಯುಗಳು ತಾವಾಗಿಯೇ ಬಲಿಯುತ್ತವೆ. ಹೆಗಲ ಕೀಲನ್ನು ಹಿಂದಿನಿಂದ ಹಿಡಿದಿಡುವ ಚಿಕ್ಕ ಸ್ನಾಯುಗಳು ಹಿಂದೆ ಬೀಳುತ್ತವೆ. ಅಂಥ ಹೆಗಲಿನ ಮೇಲೆ ಭಾರವನ್ನು ಹೇರಿದರೆ ನೋವು ಬಾರದಿರುವದೇ?

ಈಗ ನಾವು ಅನುಸರಿಸುವ ಕ್ರಮವೇನಂದರೆ: ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನವಾದರೂ ಬಿಡುವು. ಮೊದಲು ೧೦ ನಿಮಿಷ ಮೈಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಆಮೇಲೆ ಬಸ್ಕಿ, ಮೊದಲು ಗೋಡೆಗೆ, ನಂತರ ಬೆಂಚಿಗೆ, ಕಡೆಗೆ ನೆಲಕ್ಕೆ ಕೈಯೂರಿ ದಂಡ, ಕಿಟಿಕಿಯ ಸರಳಿಗೆ ಕಟ್ಟಿದ ರಬ್ಬರಿನ ಪಟ್ಟಿಯನ್ನು ಎದೆಯ ಕಡೆಗೆ ಎಳೆಯುವದು. ಒಂದೊಂದನ್ನೂ ೮ರಿಂದ ೧೫ ಸಾರಿ. ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ಹಿಡಿದಿರುವದೂ ಇದರಲ್ಲಿ ಸೇರಿದೆ. ೧೫ ಸಾರಿ ದೋಷವಿಲ್ಲದೆ ಮಾಡಿದವಳಿಗೆ ಮಾತ್ರ ಭಾರವನ್ನು ಹೆಚ್ಚಿಸುತ್ತೇವೆ, ಅದೂ ಹತ್ತರಲ್ಲಿ ಒಂದು ಪಾಲನ್ನು ಮೀರದಂತೆ. ಭಂಗಿ ಕೆಟ್ಟೊಡನೆ ನಿಲ್ಲಿಸತಕ್ಕದ್ದು. ಸ್ನಾಯುವಿನ ದಣಿವು ಬೇರೆ, ಕೀಲಿನ ನೋವು ಬೇರೆ. ಎರಡನೆಯದನ್ನು ಅಂದೇ ಹೇಳಬೇಕೆಂಬುದು ನಮ್ಮಲ್ಲಿ ನಿಯಮ. ಹೇಳಿದವಳನ್ನು ತಂಡದಿಂದ ತೆಗೆಯುವದಿಲ್ಲ.

ಮನೆಯವರಿಗೂ ಒಂದು ಪಾಲು ಕೆಲಸವಿದೆ. ಹೊಟ್ಟೆ ತುಂಬ ಅನ್ನ, ಬೇಳೆ, ಸೊಪ್ಪು, ಹಾಲು, ಸಾಕಷ್ಟು ನಿದ್ರೆ ಇವಿಲ್ಲದೆ ಯಾವ ಕಸರತ್ತೂ ಫಲಿಸದು. ತಿಂಗಳ ಮುಟ್ಟು ಕೆಲವು ತಿಂಗಳು ನಿಂತುಹೋದರೆ, ಅದು ಶ್ರಮಕ್ಕೆ ತಕ್ಕ ಆಹಾರವಿಲ್ಲದ್ದರ ಸೂಚನೆಯಾಗಿರಬಹುದು. ಸಂಕೋಚಪಡದೆ ವೈದ್ಯರಿಗೆ ತೋರಿಸಿರಿ.

೨೦೦೦ದಲ್ಲಿ ಬೆಂಗಳೂರಿನ ನಿಶಾ ಮಿಲೆಟ್ ಸಿಡ್ನಿಯ ಒಲಿಂಪಿಕ್ ಪಂದ್ಯಗಳಲ್ಲಿ ೨೦೦ ಮೀಟರ್ ಫ್ರೀಸ್ಟೈಲ್ ಈಜಿದರು. ೨೦೨೪ರಲ್ಲಿ ಪ್ಯಾರಿಸಿನಲ್ಲಿ ಅದೇ ಪಂದ್ಯವನ್ನು ಬೆಂಗಳೂರಿನ ಧಿನಿಧಿ ದೇಸಿಂಗು ಈಜಿದಾಗ ಆಕೆಗೆ ೧೪ ವರ್ಷ. ಎಂದರೆ ನಮ್ಮ ಒಂಬತ್ತನೆಯ ತರಗತಿಯವರ ವಯಸ್ಸು. ಈ ವಯಸ್ಸಿಗೆ ಬಂದೊಡನೆ ಮಗಳನ್ನು ನೀರಿನಿಂದ ಬಿಡಿಸುವ ತಂದೆತಾಯಿಗಳು ಇದನ್ನು ಆಲೋಚಿಸಲಿ. ನಮ್ಮ ಹುಡುಗಿಯರೆಲ್ಲರೂ ಅಷ್ಟು ದೂರ ಹೋಗದಿರಬಹುದು. ಆದರೆ ಇಂದು ಗಳಿಸಿದ ಗಟ್ಟಿ ಎಲುಬೂ ಆರೋಗ್ಯವಾದ ಹೆಗಲೂ ಅವರ ಮುಂದಿನ ಬಾಳಿಗೆ ಆಸ್ತಿಯಾಗುವವು. ಆದಕಾರಣ ಮಗಳು ಪಂದ್ಯದಿಂದ ಮನೆಗೆ ಬಂದಾಗ ಪದಕವನ್ನು ಕೇಳುವ ಮೊದಲು, "ಹೆಗಲು ನೋಯುತ್ತದೆಯೇನಮ್ಮ?" ಎಂದು ಕೇಳಬೇಕಾಗಿ ವಿನಯಪೂರ್ವಕವಾಗಿ ಬಿನ್ನವಿಸುತ್ತೇವೆ.