ಮಾರ್ಮನ್ ತರುಣ ಮಿಷನರಿಯ ವಾರ: ದಿನಚರಿ ಮತ್ತು ಲೆಕ್ಕ

ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ‘ಮಿಷನರಿ’ ಎಂಬ ಪದಕ್ಕೆ ಒಂದು ಸ್ಥಿರವಾದ ಚಿತ್ರವಿದೆ. ಪರದೇಶದಿಂದ ಬಂದು, ಇಲ್ಲಿನ ನುಡಿಯನ್ನು ಕಲಿತು, ಬದುಕಿನ ಬಹುಭಾಗವನ್ನು ಇಲ್ಲಿಯೇ ಕಳೆದ ಪಂಡಿತನ ಚಿತ್ರವದು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಅವರ ನಿಘಂಟು ಪ್ರಕಟವಾದದ್ದು 1894ರಲ್ಲಿ. ಅದೇ 1853ರಲ್ಲಿ ಅಮೆರಿಕದಿಂದ ಹದಿಮೂರು ಮಂದಿ ಮಾರ್ಮನ್ ಪ್ರಚಾರಕರು ಕಲ್ಕತ್ತೆಯಲ್ಲಿ ಹಡಗಿನಿಂದ ಇಳಿದರೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಅವರಲ್ಲೊಬ್ಬರಾದ ರಿಚರ್ಡ್ ಬ್ಯಾಲಂಟೈನ್ ಮದರಾಸಿನಲ್ಲಿ ಕೆಲಸಮಾಡಿದರು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ಕೈಯಲ್ಲಿ ಹಣವಿಲ್ಲದೆ, ಕೇಳುಗರ ಔದಾರ್ಯವನ್ನೇ ನಂಬಿ ಹೊರಟವರು ಆ ಕಾಲದ ಮಾರ್ಮನ್ ಪ್ರಚಾರಕರು. ಭಾರತದಲ್ಲಿ ಅವರ ಮಾತಿಗೆ ಕಿವಿಗೊಟ್ಟವರು ಹೆಚ್ಚಾಗಿ ಬ್ರಿಟಿಷ್ ಸೈನಿಕರು ಮತ್ತು ಐರೋಪ್ಯ ನಿವಾಸಿಗಳು. ಕೆಲವೇ ವರ್ಷಗಳಲ್ಲಿ ಆ ಪ್ರಯತ್ನ ನಿಂತುಹೋಯಿತು.

ಇಂದಿನ ಮಾರ್ಮನ್ ಮಿಷನರಿ ಈ ಎರಡು ಮಾದರಿಗಳಿಗೂ ಸೇರಿದವನಲ್ಲ. ಅವನು ಪಂಡಿತನಲ್ಲ, ಗೃಹಸ್ಥನೂ ಅಲ್ಲ. ಹದಿನೆಂಟು ಹತ್ತೊಂಬತ್ತರ ವಯಸ್ಸಿನ ಅವಿವಾಹಿತ ತರುಣ. ಅವಧಿ ಮುಗಿದೊಡನೆ ಊರಿಗೆ ಮರಳಿ ಓದು, ಉದ್ಯೋಗ, ಸಂಸಾರಗಳನ್ನು ಮುಂದುವರಿಸುವವನು. ಆದುದರಿಂದ ಅವನನ್ನು ಕಿಟೆಲ್ಲರ ಜೊತೆ ಹೋಲಿಸುವುದಕ್ಕಿಂತ, ಥೈಲೆಂಡಿನಲ್ಲಿ ಕೆಲಕಾಲ ಚೀವರ ತೊಟ್ಟು ಮತ್ತೆ ಮನೆಗೆ ಮರಳುವ ಯುವಕರೊಡನೆ ಹೋಲಿಸುವುದು ಹೆಚ್ಚು ಉಚಿತವೆಂದು ತೋರುತ್ತದೆ. ಈ ದೃಷ್ಟಿಯಿಂದ ಅವನ ಒಂದು ವಾರದ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1830ರಲ್ಲಿ ಜೋಸೆಫ್ ಸ್ಮಿತ್ ನ್ಯೂಯಾರ್ಕ್ ಪ್ರಾಂತದಲ್ಲಿ ಸ್ಥಾಪಿಸಿದ ಈ ಸಭೆಯ ಅಧಿಕೃತ ಹೆಸರು ‘ಅಂತ್ಯದಿನಗಳ ಸಂತರ ಯೇಸು ಕ್ರಿಸ್ತನ ಸಭೆ’. ಅದರ ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರ. ‘ಮಾರ್ಮನ್’ ಎಂಬ ರೂಢಿಯ ಹೆಸರನ್ನು ಬಳಸದಿರುವಂತೆ ಸಭೆಯು 2018ರಲ್ಲಿ ಕೋರಿತು. ಓದುಗರಿಗೆ ಪರಿಚಿತವೆಂಬ ಕಾರಣದಿಂದ ಮಾತ್ರ ಇಲ್ಲಿ ಅದನ್ನು ಉಳಿಸಿಕೊಂಡಿದೆ. ಪುರುಷರ ಸೇವಾವಧಿ ಎರಡು ವರ್ಷ, ಸ್ತ್ರೀಯರದು ಹದಿನೆಂಟು ತಿಂಗಳು. ಇದಕ್ಕೆ ಸಂಬಳವಿಲ್ಲ, ಕುಟುಂಬವೇ ಪ್ರತಿ ತಿಂಗಳು ಒಂದು ನಿಗದಿತ ಮೊತ್ತವನ್ನು ತುಂಬುತ್ತದೆ. 2020ರ ಜುಲೈಯಿಂದ ಅಮೆರಿಕದ ಮಿಷನರಿಗಳಿಗೆ ಇದು 500 ಡಾಲರ್ ಆಯಿತು. ಎಲ್ಲಿಗೆ ಹೋಗಬೇಕೆಂಬ ಆಯ್ಕೆ ಅರ್ಜಿದಾರನದಲ್ಲ. ಟೋಕಿಯೋ ಆಗಬಹುದು, ಪಕ್ಕದ ರಾಜ್ಯವೂ ಆಗಬಹುದು. ಕರೆ ಬಂದ ಮೇಲೆ ತರಬೇತಿ ಕೇಂದ್ರದಲ್ಲಿ ಕೆಲವು ವಾರಗಳ ಶಿಕ್ಷಣ. ಹೊಸ ಭಾಷೆ ಕಲಿಯಬೇಕಾದವರಿಗೆ ಇದು ಹೆಚ್ಚು ದೀರ್ಘ. ಈ ಕೇಂದ್ರಗಳಲ್ಲಿ ಪ್ರಸಿದ್ಧವಾದುದು ಯೂಟಾದ ಪ್ರೋವೊ ನಗರದ್ದು. ಅಲ್ಲಿಂದ ಹೊರಬೀಳುವ ತರುಣನ ಎದೆಯ ಮೇಲೆ ಕಪ್ಪು ನಾಮಫಲಕ, ಹೆಸರಿನ ಮೊದಲಿಗೆ ‘ಎಲ್ಡರ್’, ಅಂದರೆ ಹಿರಿಯ! ಮೀಸೆ ಚಿಗುರುವ ವಯಸ್ಸಿನವನಿಗೆ ಈ ಬಿರುದು ಸಲ್ಲುವುದನ್ನು ಕಂಡು ನಗುವವರುಂಟು. ಆದರೆ ಅದು ಪೌರೋಹಿತ್ಯದ ಒಂದು ಪದವಿಯ ಹೆಸರು, ವಯಸ್ಸಿನ ಸೂಚಕವಲ್ಲ.

ದಿನವು ಬೆಳಗಿನ ಆರೂವರೆಗೆ ಆರಂಭವಾಗುತ್ತದೆ. ಪ್ರಾರ್ಥನೆ, ವ್ಯಾಯಾಮ, ಉಪಾಹಾರಗಳ ನಂತರ ಧರ್ಮಗ್ರಂಥಗಳ ಅಧ್ಯಯನ, ಮೊದಲು ಒಬ್ಬನೇ, ಬಳಿಕ ಜೊತೆಗಾರನೊಡನೆ. ಪರಭಾಷೆಯ ನಾಡಿನಲ್ಲಿರುವವನಿಗೆ ಭಾಷಾಭ್ಯಾಸವೂ ಸೇರುತ್ತದೆ. ಹತ್ತರ ವೇಳೆಗೆ ಹೊರಟರೆ ರಾತ್ರಿ ಒಂಬತ್ತರ ಸುಮಾರಿಗೆ ಮರಳುವುದು, ಹತ್ತೂವರೆಗೆ ಮಲಗುವುದು. ಇದು ದೀರ್ಘಕಾಲ ನಡೆದುಬಂದ ಕ್ರಮ. 2017ರಲ್ಲಿ ಸ್ಥಳೀಯ ಸನ್ನಿವೇಶಕ್ಕೆ ತಕ್ಕಂತೆ ಇದನ್ನು ಸಡಿಲಿಸಲು ಅವಕಾಶ ಕೊಡಲಾಯಿತು. ಸಿನಿಮಾ ಇಲ್ಲ, ದೂರದರ್ಶನವಿಲ್ಲ, ಪ್ರಣಯವಿಲ್ಲ. ಚಹಾ, ಕಾಫಿ, ಮದ್ಯ, ತಂಬಾಕುಗಳು ಸಭೆಯ ಸದಸ್ಯರೆಲ್ಲರಿಗೂ ವರ್ಜ್ಯ. ಬಾಗಿಲಿಗೆ ಬಂದವರಿಗೆ ಕಾಫಿ ಕೊಡುವುದೇ ಮರ್ಯಾದೆಯೆನಿಸಿರುವ ನಮ್ಮಂಥ ಕಡೆ ಈ ಕೊನೆಯ ನಿಯಮ ಒಂದು ಸಣ್ಣ ಮುಜುಗರವನ್ನಾದರೂ ತರದಿರದು.

ಈ ಎಲ್ಲ ನಿಯಮಗಳಿಗಿಂತ ಮುಖ್ಯವಾದುದು ಜೊತೆಗಾರಿಕೆ. ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದ ಸುವಾರ್ತೆಯ ಪ್ರಸಂಗವೇ ಇದಕ್ಕೆ ಆಧಾರ. ಮಿಷನರಿಯು ಸ್ನಾನ, ಶೌಚ, ಮೇಲಧಿಕಾರಿಯೊಡನೆ ಸಂದರ್ಶನ ಮುಂತಾದ ಕೆಲವೇ ಸಂದರ್ಭಗಳನ್ನು ಬಿಟ್ಟು ಎಂದೂ ಒಂಟಿಯಾಗಿರುವಂತಿಲ್ಲ. ಜೊತೆಗಾರನು ಕಣ್ಣಿಗೆ ಕಾಣುವಷ್ಟು, ಮಾತು ಕೇಳುವಷ್ಟು ಹತ್ತಿರದಲ್ಲಿರಬೇಕು. ಈ ಜೊತೆಗಾರನನ್ನು ಆರಿಸಿಕೊಡುವವರು ಮಿಷನ್ ಅಧ್ಯಕ್ಷರು. ಸಾಮಾನ್ಯವಾಗಿ ಆರು ವಾರಗಳಿಗೊಮ್ಮೆ ನಡೆಯುವ ವರ್ಗಾವಣೆಯಲ್ಲಿ ಅವನು ಬದಲಾಗಬಹುದು, ಊರೂ ಬದಲಾಗಬಹುದು. ಅಪರಿಚಿತನೊಬ್ಬನೊಡನೆ ಅಡುಗೆ, ಪ್ರಾರ್ಥನೆ, ಬೇಸರ, ಅವಮಾನಗಳನ್ನೆಲ್ಲ ಹಂಚಿಕೊಂಡು ಬಾಳುವುದು ಬಾಗಿಲು ತಟ್ಟುವುದಕ್ಕಿಂತ ಕಠಿಣವೆನ್ನಬೇಕು.

ವಾರದ ಒಂದು ದಿನ, ಹೆಚ್ಚಿನ ಕಡೆಗಳಲ್ಲಿ ಸೋಮವಾರ, ‘ಸಿದ್ಧತೆಯ ದಿನ’. ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು, ದಿನಸಿ ತರುವುದು, ಕ್ಷೌರ, ಕೊಂಚ ಆಟ, ಮನೆಗೆ ಪತ್ರ. ಸಂಜೆಯಾದೊಡನೆ ಮತ್ತೆ ಕೆಲಸ. 2019ರ ಫೆಬ್ರವರಿಯವರೆಗೆ ಮನೆಯವರ ಧ್ವನಿಯನ್ನು ಕೇಳಲು ವರ್ಷಕ್ಕೆ ಎರಡೇ ಅವಕಾಶಗಳಿದ್ದವು: ಕ್ರಿಸ್ಮಸ್ ಮತ್ತು ತಾಯಂದಿರ ದಿನ. ಆ ತಿಂಗಳಿನಿಂದ ಪ್ರತಿ ವಾರ ಮಾತನಾಡಲು ಅನುಮತಿ ದೊರೆಯಿತು. ವಾರದ ನಡುವೆ ನೆರೆಯ ಕೆಲವು ಜೋಡಿಗಳ ಜಿಲ್ಲಾ ಸಭೆ, ಮುಂದಿನ ವಾರದ ಯೋಜನೆ, ಒಂದಿಷ್ಟು ಸಮಾಜಸೇವೆ. ಭಾನುವಾರ ಆರಾಧನೆ. ಆ ದಿನ ಪಾಠ ಕೇಳುತ್ತಿರುವವರು ಪ್ರಾರ್ಥನಾಮಂದಿರಕ್ಕೆ ಬಂದರೇ ಇಲ್ಲವೇ ಎಂಬುದರಲ್ಲಿಯೇ ಮಿಷನರಿಯ ವಾರವೆಲ್ಲ ನಿಂತಿರುತ್ತದೆ.

ಏಕೆಂದರೆ ವಾರದ ಕೊನೆಗೆ ಲೆಕ್ಕ ಒಪ್ಪಿಸಬೇಕು. ದೀಕ್ಷಾಸ್ನಾನ ಪಡೆದವರೆಷ್ಟು, ದೀಕ್ಷೆಗೆ ದಿನ ಗೊತ್ತುಮಾಡಿಕೊಂಡವರೆಷ್ಟು, ಭಾನುವಾರ ಬಂದವರೆಷ್ಟು, ಹೊಸಬರೆಷ್ಟು? ಮೊದಲು ಒಂಬತ್ತಿದ್ದ ಇಂಥ ಬಾಬುಗಳನ್ನು 2017ರಲ್ಲಿ ಈ ನಾಲ್ಕಕ್ಕೆ ಇಳಿಸಲಾಯಿತು. ಅಧ್ಯಕ್ಷರಿಗೆ ವಾರದ ಪತ್ರವೂ ಹೋಗಬೇಕು. ವಿಶ್ವಾಸದಂಥ ಆಂತರಿಕ ವಿಷಯವನ್ನು ಹೀಗೆ ಅಂಕಿಗಳಲ್ಲಿ ಅಳೆಯುವುದರ ಅಪಾಯ ಸಭೆಗೆ ಅನುಭವದಿಂದಲೇ ತಿಳಿದಿದೆ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಬೇಸ್‌ಬಾಲ್ ಆಟದ ಆಕರ್ಷಣೆ ತೋರಿಸಿ ಬಾಲಕರಿಗೆ ದೀಕ್ಷೆ ಕೊಟ್ಟ ಪ್ರಕರಣಗಳು ನಡೆದವು; ಅವರಲ್ಲಿ ಬಹಳ ಮಂದಿಗೆ ತಾವೇನನ್ನು ಸ್ವೀಕರಿಸಿದೆವೆಂಬ ಅರಿವೇ ಇರಲಿಲ್ಲ. ಅನಂತರ ಅಂಥ ಹೆಸರುಗಳನ್ನು ದಾಖಲೆಯಿಂದ ತೆಗೆಯಬೇಕಾಯಿತು. 2004ರಲ್ಲಿ ಬಂದ ‘ಪ್ರೀಚ್ ಮೈ ಗಾಸ್ಪೆಲ್’ ಕೈಪಿಡಿಯು ಕಂಠಪಾಠದ ಪ್ರವಚನಕ್ಕೆ ಬದಲಾಗಿ ಕೇಳುಗನಿಗೆ ತಕ್ಕ ಪಾಠವನ್ನು ಮುಂದಿಟ್ಟದ್ದು ಸುಧಾರಣೆಯ ದಿಕ್ಕಿನಲ್ಲಿ ಗಮನಾರ್ಹ ಹೆಜ್ಜೆ.

ಈ ಶ್ರಮದ ಫಲವೇನು? 2012ರ ಅಕ್ಟೋಬರಿನಲ್ಲಿ ಪುರುಷರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೂ ಸ್ತ್ರೀಯರದನ್ನು 21ರಿಂದ 19ಕ್ಕೂ ಇಳಿಸಿದಾಗ ಒಂದು ಸ್ವಾಭಾವಿಕ ಪ್ರಯೋಗವೇ ನಡೆದಂತಾಯಿತು. ಆ ವರ್ಷದ ಕೊನೆಗೆ ಸುಮಾರು 59 ಸಾವಿರವಿದ್ದ ಮಿಷನರಿಗಳು 2014ರ ಕೊನೆಗೆ 85 ಸಾವಿರವನ್ನು ಮುಟ್ಟಿದರು. ದೀಕ್ಷೆ ಪಡೆದ ಹೊಸಬರು 2012ರಲ್ಲಿ 2,72,330, 2014ರಲ್ಲಿ 2,96,803. ಪ್ರಚಾರಕರು ಶೇಕಡಾ ನಲವತ್ತಕ್ಕೂ ಮಿಕ್ಕಿ ಹೆಚ್ಚಿದರೂ ಮತಾಂತರ ಹೊಂದಿದವರು ಶೇಕಡಾ ಒಂಬತ್ತರಷ್ಟು ಮಾತ್ರ ಹೆಚ್ಚಿದರು. ಆದರೂ ವ್ಯವಸ್ಥೆ ಕುಗ್ಗಲಿಲ್ಲ. ಸಾಂಕ್ರಾಮಿಕದಿಂದಾಗಿ 2020ರಲ್ಲಿ ಬಹುಮಂದಿ ಊರಿಗೆ ಮರಳಿದರೂ 2024ರ ಅಂತ್ಯಕ್ಕೆ ಸಂಖ್ಯೆ ಮತ್ತೆ 74 ಸಾವಿರವನ್ನು ದಾಟಿತು. 2025ರ ನವೆಂಬರಿನಲ್ಲಿ ಸ್ತ್ರೀಯರ ವಯಸ್ಸನ್ನೂ 18ಕ್ಕೆ ಇಳಿಸಲಾಯಿತು. ಪ್ರಚಾರವೊಂದೇ ಉದ್ದೇಶವಾಗಿದ್ದರೆ ಇಷ್ಟು ದುಬಾರಿಯಾದ ಮಾರ್ಗವನ್ನು ಹೀಗೆ ವಿಸ್ತರಿಸುವುದಕ್ಕೆ ಕಾರಣ ಕಾಣದು. ಈ ವಾರದ ಕ್ರಮವು ಮೊದಲು ರೂಪಿಸುವುದು ಮಿಷನರಿಯನ್ನೇ ಎಂಬುದು ನನ್ನ ಅಭಿಪ್ರಾಯ. ವೇತನವಿಲ್ಲದ ಪುರೋಹಿತರಿಂದಲೇ ನಡೆಯುವ ಈ ಸಭೆಗೆ, ನಾಳೆ ಸ್ಥಳೀಯ ಘಟಕಗಳನ್ನು ನಡೆಸಬೇಕಾದವರು ತಯಾರಾಗುವುದು ಇಲ್ಲಿಯೇ.

ಅದಕ್ಕೆ ತೆರುವ ಬೆಲೆಯೂ ಇದೆ. ಅನಾರೋಗ್ಯದಿಂದಲೋ ಮನಸ್ಸು ಕುಸಿದೋ ಅವಧಿಗೆ ಮುನ್ನ ಮರಳಿದ ತರುಣನು ಇಡೀ ಊರಿನ ಮೌನ ಪ್ರಶ್ನೆಯನ್ನು ಎದುರಿಸುತ್ತಾನೆ. ಎಲ್ಲರೂ ಪೂರೈಸುವ ವ್ರತವನ್ನು ಮುರಿದವನೆಂಬ ಭಾವ ಯೂಟಾದಂಥ ಕಡೆ ಸಣ್ಣದಲ್ಲ. ಮನೆಯಲ್ಲಿದ್ದುಕೊಂಡೇ ಮಾಡಬಹುದಾದ ‘ಸೇವಾ ಮಿಷನ್’ ಎಂಬ ಪರ್ಯಾಯವನ್ನು ಸಭೆಯು ಈಚೆಗೆ ಬೆಳೆಸಿರುವುದು ಈ ಸಂಕಟವನ್ನು ಕಂಡುಕೊಂಡದ್ದರ ಗುರುತು.

ಕರ್ನಾಟಕದ ಮಟ್ಟಿಗೆ, 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಒಂದು ಮಿಷನ್ ಏರ್ಪಟ್ಟಿತು. 2018ರಲ್ಲಿ ಅಲ್ಲಿ ದೇವಾಲಯವೊಂದನ್ನು ಕಟ್ಟುವ ನಿರ್ಧಾರ ಪ್ರಕಟವಾಗಿ 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿ ನಡೆಯಿತು. ಈ ವಿಷಯವನ್ನು ಕೈಗೆತ್ತಿಕೊಳ್ಳುವ ಸಂಶೋಧಕರಿಗೆ ಆಕರಗಳ ಕೊರತೆಯಿಲ್ಲ. ದಿನಚರಿ ಬರೆಯುವುದನ್ನು ಈ ಸಭೆ ಮೊದಲಿನಿಂದಲೂ ಪ್ರೋತ್ಸಾಹಿಸಿದೆ. ಪ್ರೋವೊದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಗ್ರಂಥಾಲಯವು ಹಳೆಯ ಮಿಷನರಿಗಳ ದಿನಚರಿಗಳನ್ನು ಅಂಕೀಕರಿಸಿ ತೆರೆದಿಟ್ಟಿದೆ. 2019ರ ಬಳಿಕ ವಾರದ ಪತ್ರದ ಸ್ಥಾನವನ್ನು ದೂರವಾಣಿ ಕರೆಯು ಎಷ್ಟರಮಟ್ಟಿಗೆ ಆಕ್ರಮಿಸಿಕೊಳ್ಳುವುದೋ, ಅಷ್ಟರಮಟ್ಟಿಗೆ ಮುಂದಿನವರಿಗೆ ಈ ಬಗೆಯ ಬರಹ ವಿರಳವಾಗಲಿದೆ.