ಮ್ಯಾಟಿನ ಮಣ್ಣು ಮೊದಲು ಒಣಗಲಿ, ನೀರು ಆಮೇಲೆ

ಚಿತ್ರದುರ್ಗ ಜಿಲ್ಲೆಯಲ್ಲಿ ಕಾರಿನ ಬಟ್ಟೆ ಮ್ಯಾಟು ಒಂದೇ ಬಗೆಯ ಮಣ್ಣಿನಿಂದ ಕೊಳೆಯಾಗುವುದಿಲ್ಲ. ಹಿರಿಯೂರು ಕಡೆಯ ಎರೆಹೊಲದಲ್ಲಿ ಕಾಲಿಟ್ಟು ಬಂದರೆ ಅಂಟುವ ಕರಿಮಣ್ಣು, ಹೊಸದುರ್ಗದ ತೆಂಗಿನ ತೋಟ ಸುತ್ತಿ ಬಂದರೆ ಕೆಮ್ಮಣ್ಣು, ಭೀಮಸಮುದ್ರದ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಬಂದರೆ ಕೆಂಪು ಧೂಳು. ಹೊಳಲ್ಕೆರೆಯಲ್ಲಿ ಅಡಿಕೆ ಸುಗ್ಗಿಯಾದರೆ ಇದರ ಜೊತೆಗೆ ಚೊಗರಿನ ಕಲೆಯೂ ಸೇರುತ್ತದೆ.

ಮ್ಯಾಟು ಕೊಳೆಯಾಯಿತೆಂದರೆ ನಾವು ಮಾಡುವ ಮೊದಲ ಕೆಲಸ ವಾಟರ್ ಸರ್ವಿಸ್‌ಗೆ ಒಯ್ದು ಪೈಪಿನಿಂದ ಜೋರಾಗಿ ನೀರು ಹೊಡೆಸುವುದು. ಆಗ ಹೊಸದರ ಹಾಗೆ ಕಾಣುತ್ತದೆ. ಒಣಗಿದ ಮೇಲೆ ಮತ್ತೆ ಮಂಕು, ಕಾರೊಳಗೆ ಮುಗ್ಗಲು ವಾಸನೆ. ತಪ್ಪು ನೀರಿನದಲ್ಲ, ನೀರು ಹಾಕಿದ ಸಮಯದ್ದು.

ಒಣಗಿದ್ದಾಗಲೇ ಕೊಡವಿ

ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಜೇಡಿಯ ಕಣ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತಲೂ ಸಣ್ಣದು. ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದು ಇದೇ ಗುಣದಿಂದ. ಹಸಿ ಇದ್ದಾಗ ಉಜ್ಜಿದರೆ ಈ ಜೇಡಿ ಎಳೆಗಳ ಬುಡಕ್ಕೆ ಇಳಿದು ಕೂರುತ್ತದೆ. ಅದೇ ಪೂರ್ತಿ ಒಣಗಲು ಬಿಟ್ಟರೆ ಹೆಂಟೆ ತಾನೇ ಒಡೆದು ಉದುರುತ್ತದೆ.

ಆದ್ದರಿಂದ ಮ್ಯಾಟನ್ನು ಹೊರಗೆ ತೆಗೆದು, ಬಟ್ಟೆ ಭಾಗ ಕೆಳಗೆ ಬರುವಂತೆ ಕಟ್ಟೆಯ ಅಂಚಿನ ಮೇಲೆ ಹಿಡಿದು, ಹಿಂಬದಿಗೆ ಕೋಲಿನಿಂದ ಮೆಲ್ಲಗೆ ಬಡಿಯಿರಿ. ಧೂಳು ಬೀಳುವುದು ನಿಲ್ಲುವವರೆಗೂ ಬಡಿಯಬೇಕು. ಆಮೇಲೆ ಮೇಲ್ಮುಖ ಮಾಡಿ, ಗಟ್ಟಿ ಬ್ರಷ್‌ನಿಂದ ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಗುಡಿಸಿ. ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ ಮುಗಿಯುತ್ತದೆ, ಒಂದು ಚೊಂಬು ನೀರೂ ಬೇಡ. ನೀರಿಗೆ ಬೆಲೆ ಗೊತ್ತಿರುವ ನಮ್ಮ ಜಿಲ್ಲೆಗೆ ಇದು ಸಣ್ಣ ಲಾಭವಲ್ಲ.

ನೀರು ಕಡಿಮೆ, ನೊರೆ ಹೆಚ್ಚು

ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬಟ್ಟೆ ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗಿ ಎಳೆಗೆ ಅಂಟುತ್ತವೆ. ಆ ಅಂಟಿಗೆ ಮತ್ತೆ ಧೂಳು ಹಿಡಿಯುತ್ತದೆ. ಹಾಗಾಗಿ ಸೋಪಿನ ಬಿಲ್ಲೆ ಬೇಡ. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಲಿಕ್ವಿಡ್ ಡಿಟರ್ಜೆಂಟ್ ಹಾಕಿ ಕಲಕಿ, ಮೇಲಿನ ನೊರೆಯನ್ನಷ್ಟೇ ಬ್ರಷ್‌ಗೆ ತೆಗೆದುಕೊಂಡು ಉಜ್ಜಿ. ಕುದಿಯುವ ನೀರು ಹಾಕಬೇಡಿ, ಹಿಂಬದಿಯ ರಬ್ಬರನ್ನು ಹಿಡಿದಿರುವ ಅಂಟು ಸಡಿಲವಾಗುತ್ತದೆ.

ತೊಳೆದ ಮೇಲೆ ಒಂದು ಲೀಟರ್ ನೀರಿಗೆ ಕಾಲು ಲೋಟ ಬಿಳಿ ವಿನೆಗರ್ ಬೆರೆಸಿ ಚಿಮುಕಿಸಿ, ಇನ್ನೊಮ್ಮೆ ತಿಳಿನೀರಿನಲ್ಲಿ ಜಾಲಿಸಿದರೆ ಗಸಿ ಬಿಡುತ್ತದೆ, ಎಳೆ ಮೆತ್ತಗಾಗುತ್ತದೆ.

ಕಲೆಗೆ ತಕ್ಕ ಮದ್ದು

ಕೆಮ್ಮಣ್ಣು ಮತ್ತು ಅದಿರು ಧೂಳಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನ ಜಾತಿಯದು. ಬ್ಲೀಚಿಂಗ್ ಪೌಡರಿಗೆ ಅದು ಜಗ್ಗುವುದಿಲ್ಲ; ಮ್ಯಾಟಿನ ಬಣ್ಣ ಹೋಗುತ್ತದೆ, ಕಲೆ ಉಳಿಯುತ್ತದೆ. ಇದಕ್ಕೆ ಹುಳಿ ಬೇಕು. ಒಂದು ಲೋಟ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ದಿನಸಿ ಅಂಗಡಿಯ ಸಿಟ್ರಿಕ್ ಆಸಿಡ್) ಕರಗಿಸಿ, ಕಲೆಯ ಮೇಲೆ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಮೊದಲು ಮ್ಯಾಟಿನ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡಿ. ಹುಳಿ ಪದಾರ್ಥವನ್ನು ಬ್ಲೀಚಿಂಗ್ ಪೌಡರಿನ ಜೊತೆ ಎಂದೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಅಡಿಕೆ ಚೊಗರಿನಲ್ಲಿರುವುದು ಟ್ಯಾನಿನ್. ಕಬ್ಬಿಣದಂಶದ ನೀರು ತಗುಲಿದರೆ ಅದು ಕಪ್ಪಾಗುತ್ತದೆ, ಸೋಡಾ ಹಾಕಿದರೆ ಇನ್ನಷ್ಟು ಗಾಢವಾಗುತ್ತದೆ. ಅದಕ್ಕೂ ವಿನೆಗರೇ ಮೊದಲು, ಡಿಟರ್ಜೆಂಟ್ ಆಮೇಲೆ. ಹಾಲು, ಮಜ್ಜಿಗೆ ಚೆಲ್ಲಿದ್ದರೆ ತಣ್ಣೀರು ಮಾತ್ರ. ಬಿಸಿನೀರಿಗೆ ಹಾಲಿನ ಅಂಶ ಎಳೆಗೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಬಿದ್ದರೆ ಕಡಲೆಹಿಟ್ಟು ಉದುರಿಸಿ, ಹೀರಿಕೊಂಡ ಮೇಲೆ ಗುಡಿಸಿ ತೊಳೆಯಿರಿ.

ಒಣಗಿಸುವುದೇ ಅರ್ಧ ಕೆಲಸ

ನೀರು ಆರುವಾಗ ಬುಡದ ಕೊಳೆಯನ್ನು ಎಳೆಯ ತುದಿಗೆ ಎತ್ತಿ ತರುತ್ತದೆ. ಅದಕ್ಕೇ ತೊಳೆದ ಮ್ಯಾಟು ಒಣಗಿದ ಮೇಲೆ ಮಂಕಾಗಿ ಕಾಣುವುದು. ತೊಳೆದ ಕೂಡಲೇ ಒಣ ಟವೆಲ್ ಹಾಸಿ, ಮೇಲೆ ನಿಂತು ತುಳಿದು ನೀರನ್ನು ಹೀರಿಸಿ. ಮಡಚಿ ಹಗ್ಗಕ್ಕೆ ಹಾಕಿದರೆ ಹಿಂಬದಿ ಬಿರಿಯುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿ, ಬಟ್ಟೆ ಭಾಗ ಬಿಸಿಲಿಗಿರಲಿ, ರಬ್ಬರ್ ನೆರಳಿಗಿರಲಿ. ಮ್ಯಾಟಿನ ಕೆಳಗಿನ ಕಾರ್ಪೆಟ್ಟನ್ನೂ ಮುಟ್ಟಿ ನೋಡಿ. ಮಳೆಯಿಲ್ಲದಿದ್ದರೂ ಮುಂದಿನ ಸೀಟಿನ ಕಾಲ ಬಳಿ ತೇವವಿದ್ದರೆ, ಎಸಿಯ ನೀರು ಹೊರಹೋಗುವ ಪೈಪು ಕಟ್ಟಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ.

ಹಳತಾದರೆ

ಕೂತುಹೋದ ಎಳೆಗಳಿಗೆ ಹಬೆ ತೋರಿಸಿ, ಬಿಸಿ ಇರುವಾಗಲೇ ಬ್ರಷ್‌ನಿಂದ ಎದುರು ದಿಕ್ಕಿಗೆ ಎತ್ತಿದರೆ ಸ್ವಲ್ಪ ಮೇಲೇಳುತ್ತವೆ. ಇಸ್ತ್ರಿಪೆಟ್ಟಿಗೆ ಇಡಬೇಡಿ, ಹಲವು ಮ್ಯಾಟುಗಳು ಪಾಲಿಪ್ರೊಪಿಲೀನಿನವು, ಸುಮಾರು 160 ಡಿಗ್ರಿಗೆ ಕರಗಿಬಿಡುತ್ತವೆ. ಅವು ಮನೆಯಲ್ಲಿ ಹಾಕುವ ಬಣ್ಣವನ್ನೂ ಹಿಡಿಯುವುದಿಲ್ಲ. ಅಂಚಿನ ಹೊಲಿಗೆ ಬಿಚ್ಚಿದ್ದರೆ, ಹಿಮ್ಮಡಿ ಜಾಗ ಸವೆದಿದ್ದರೆ ಸೀಟ್ ಕವರ್ ಹೊಲಿಯುವವರ ಬಳಿ ಕೊಡಿ, ಪಟ್ಟಿ ಹೊಲಿದು, ತೇಪೆ ಹಾಕಿಕೊಡುತ್ತಾರೆ.

ಕಡೆಯದಾಗಿ, ಮ್ಯಾಟನ್ನು ಮರಳಿ ಹಾಸುವಾಗ ಕೊಕ್ಕೆಗೆ ಸಿಕ್ಕಿಸುವುದನ್ನು ಮರೆಯಬೇಡಿ. ಚೆನ್ನಾಗಿದೆಯೆಂದು ಒಂದರ ಮೇಲೊಂದು ಹಾಸಲೂಬೇಡಿ. ಜಾರಿದ ಮ್ಯಾಟು ಆಕ್ಸಿಲರೇಟರ್ ಪೆಡಲನ್ನು ಒತ್ತಿ ಹಿಡಿಯುವ ಅಪಾಯವಿದೆಯೆಂದು 2009ರಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳಿಗೆ ಎಚ್ಚರಿಕೆ ಕೊಟ್ಟು, ದುರಸ್ತಿಗೆ ಕರೆಸಿಕೊಳ್ಳಬೇಕಾಯಿತು. ಡ್ರೈವರ್ ಕಡೆಯ ಮ್ಯಾಟು ಹಾಸಿದ ಮೇಲೆ ಎಂಜಿನ್ ಆಫ್ ಇರುವಾಗಲೇ ಮೂರೂ ಪೆಡಲ್‌ಗಳನ್ನು ಪೂರ್ತಿ ಒತ್ತಿ ಬಿಟ್ಟು ನೋಡಿ. ಎಲ್ಲೂ ತಾಗದಿದ್ದರೆ ಮಾತ್ರ ಗಾಡಿ ತೆಗೆಯಿರಿ.